ಹೆಂಚಿಗೆ ಕೈಯಾಡಿಸುವುದು

ಕನ್ನಡದಲ್ಲಿ ಸೂರಿಗೂ ಸೋರುವುದಕ್ಕೂ ಒಂದೇ ಸ್ವರದ ಅಂತರ. ದಕ್ಷಿಣ ಕನ್ನಡದ ನಮ್ಮ ಮನೆಯಲ್ಲಿ ಅಷ್ಟೂ ಇರಲಿಲ್ಲ. ಜೂನ್ ಹಿಡಿಯಿತೆಂದರೆ ನಡುಮನೆಯಲ್ಲಿ ಕೊಡಪಾನ, ದೇವರ ಕೋಣೆಯಲ್ಲಿ ಚೆಂಬು, ನನ್ನ ತಲೆದಿಂಬಿನ ಪಕ್ಕ ಹಿಟ್ಟಿನ ಬೋಗುಣಿ. ಯಾವುದು ತುಂಬಿತೆಂದು ಅಮ್ಮ ಕತ್ತಲಲ್ಲೇ ಸದ್ದಿನಿಂದ ಹೇಳುತ್ತಿದ್ದಳು.

ಹಾಗಾಗದಿರಲೆಂದೇ ಅಪ್ಪ ಪತ್ತನಾಜೆಯ ಗಡುವು ಇಟ್ಟುಕೊಂಡಿದ್ದರು. ಮೇ ಕೊನೆಯ ವಾರ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಹೆಂಚಿಗೆ ಕೈಯಾಡಿಸಿ ಆಗಿರಬೇಕು. ಅವರು ಮಾಡು ಹತ್ತಿ ತರಗೆಲೆ ಗುಡಿಸುವರು. ಮಂಗ ಸರಿಸಿದ್ದನ್ನು ಕೂರಿಸುವರು, ತೆಂಗಿನಕಾಯಿ ಒಡೆದದ್ದನ್ನು ಬದಲಿಸುವರು. ನಾನು ಒಳಗೆ ನಿಂತು ಬೆಳಕು ಇಣುಕಿದಲ್ಲಿ ಕೋಲಿನಿಂದ ತಟ್ಟಿ “ಇಲ್ಲಿ” ಎನ್ನಬೇಕು. ಒಮ್ಮೆ ಗಾಜಿನ ಹೆಂಚಿಗೂ “ಇಲ್ಲಿ” ಎಂದು ಕೂಗಿ ಬೈಸಿಕೊಂಡೆ.

ಕೆಲವು ಹೆಂಚುಗಳ ಮೈಮೇಲೆ 1865 ಎಂದು ಉಬ್ಬಿತ್ತು. ಅದು ನಮ್ಮ ಮನೆ ಹುಟ್ಟಿದ ವರ್ಷವೆಂದು ಶಾಲೆಯಲ್ಲೆಲ್ಲ ಜಂಬ ಕೊಚ್ಚಿದ್ದೆ. ಹುಟ್ಟಿದ್ದು ಮನೆಯಲ್ಲ, ಕಾರ್ಖಾನೆ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಆ ವರ್ಷ ಮಂಗಳೂರಿನ ಜೆಪ್ಪುವಿನಲ್ಲಿ ನಮ್ಮ ಜೇಡಿಮಣ್ಣಿನಿಂದ ಹೆಂಚು ಸುಡಿಸಲು ತೊಡಗಿದರು. ಒಂದನ್ನೊಂದು ಕಚ್ಚಿಕೊಳ್ಳುವ ಹೆಂಚಿನ ಯುಕ್ತಿ ಮಾತ್ರ ಫ್ರಾನ್ಸಿನದು, ಆಲ್ಸೇಸಿನ ಗಿಲಾರ್ಡೋನಿ ಸೋದರರದು. ಅಲ್ಲಿಯತನಕ ಸಾಮಾನ್ಯರದು ಮುಳಿಹುಲ್ಲಿನ ಮಾಡು. ಅದೇ ಮಿಷನ್ 1894ರಲ್ಲಿ ಕಿಟೆಲ್ ನಿಘಂಟನ್ನೂ ಹೊರತಂದಿತು. ಸೋರುವುದಕ್ಕೆ ಮದ್ದು ಮೊದಲು ಕೊಟ್ಟು ಅರ್ಥವನ್ನು ಆಮೇಲೆ ಕೊಟ್ಟ ಪುಣ್ಯಾತ್ಮರು!

ವರ್ಷಕ್ಕೆ ಹತ್ತಿರಹತ್ತಿರ 4,000 ಮಿಲಿಮೀಟರ್ ಸುರಿಯುವ ಮಳೆಯನ್ನು ಈ ಬೆರಳು ದಪ್ಪದ ಮಣ್ಣು ಹೇಗೆ ತಡೆಯುತ್ತದೆ ಎಂದು ಕೇಳಿದ್ದೆ. “ಯಾರು ತಡೀತಾರೆ? ದಾಟಿಸ್ತದೆ ಅಷ್ಟೆ” ಎಂದರು ಅಪ್ಪ. ಮೇಲಿನ ಹೆಂಚು ತನ್ನ ಮೈಮೇಲಿನ ತೋಡಿನಲ್ಲಿ ಬಂದ ನೀರನ್ನು ಕೆಳಗಿನದಕ್ಕೆ ಕೊಡುತ್ತದೆ, ಅದು ಇನ್ನೊಂದಕ್ಕೆ. ಸೂರಿನಿಂದ ಅಡಕೆಮರದ ದಂಬೆಗೆ, ದಂಬೆಯಿಂದ ತೋಟಕ್ಕೆ. ನಡುವೆ ಒಂದು ಎಲೆ ಅಡ್ಡ ಕೂತರೆ ನೀರು ಪಕ್ಕಕ್ಕೆ ಹೊರಳಿ ನನ್ನ ತಲೆದಿಂಬು ಹುಡುಕುತ್ತದೆ.

ಈಗ ನನ್ನದು ಬೆಂಗಳೂರಿನ ತಾರಸಿ ಮನೆ. ಮಂಗನ ಹಂಗಿಲ್ಲ, ಪತ್ತನಾಜೆಯ ನೆನಪೂ ಇಲ್ಲ. ಮೂರನೆಯ ಮಳೆಗಾಲಕ್ಕೆ ಚಾವಣಿಯಲ್ಲಿ ಆಫ್ರಿಕಾದ ನಕಾಶೆ ಮೂಡಿತು. ಒಬ್ಬರು ಬಂದು ಬಿಳಿ ಲೇಪನ ಬಳಿದು ಹತ್ತು ವರ್ಷದ ಗ್ಯಾರಂಟಿ ಕೊಟ್ಟರು. ಮರುವರ್ಷ ಆಫ್ರಿಕಾದ ಪಕ್ಕ ಮಡಗಾಸ್ಕರ್ ಬಂತು.

ಕೊನೆಗೊಂದು ಸಂಜೆ ಕೊಡೆ ಹಿಡಿದು ಮೇಲೆ ಹೋದೆ. ತಾರಸಿಯೇ ಕೆರೆಯಾಗಿತ್ತು. ಮೂಲೆಯ ಕೊಳವೆಯ ಬಾಯಿಗೆ ಕೈಹಾಕಿದೆ. ಪಕ್ಕದ ಮನೆಯ ಮಾವಿನೆಲೆ ಹಿಡಿಹಿಡಿಯಾಗಿ ಬಂತು. ಗುಳಗುಳ ಎನ್ನುತ್ತ ಕೆರೆ ಇಳಿಯಿತು. ಅಪ್ಪನ ಮಗ ಕೈಯಾಡಿಸಿದ್ದಾಯಿತು ಎಂದು ಬೀಗುತ್ತಿದ್ದೆ.

ಕೆಳಗಿನಿಂದ ಮಗಳು ಕೂಗಿದಳು: “ಅಪ್ಪಾ, ಇನ್ನೂ ತೊಟ್ಟಿಕ್ಕುತ್ತಿದೆ. ಯಾವ ಪಾತ್ರೆ ಇಡಲಿ?”

“ಹಿಟ್ಟಿನ ಬೋಗುಣಿ” ಎಂದೆ.