ಏತಡ್ಕದ ತೋಡಿನಲ್ಲಿ ಹಾಳೆಯ ಕಟ್ಟ

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುತ್ತದೆ. ಕೇರಳದ 44 ನದಿಗಳ ಪೈಕಿ 12 ಇಲ್ಲಿಯೇ ಹರಿಯುತ್ತವೆ. ಆದರೂ ಮಾರ್ಚ್ ತಿಂಗಳಾಗುವಷ್ಟರಲ್ಲಿ ಅಡಿಕೆ ತೋಟಗಳಿಗೆ ನೀರಿನ ಚಿಂತೆ ಆರಂಭವಾಗುತ್ತದೆ. ಮುರಕಲ್ಲಿನ ಗುಡ್ಡಗಳಿಂದಿಳಿದ ನೀರು ಬೇಗನೆ ಸಮುದ್ರ ಸೇರುವುದೇ ಕಾರಣ. ಓಡುವ ನೀರನ್ನು ಕೆಲವು ತಿಂಗಳಾದರೂ ನಿಲ್ಲಿಸಲು ಹಿರಿಯರು ಕಂಡುಕೊಂಡ ಉಪಾಯ 'ಕಟ್ಟ'. ಕುಂಬ್ಡಾಜೆ ಪಂಚಾಯತಿನ ಏತಡ್ಕ ಈ ಪರಂಪರೆಯನ್ನು ಉಳಿಸಿಕೊಂಡ ಊರೆಂದು ಹೆಸರಾಗಿದೆ.

ಮಳೆಗಾಲ ಕಳೆದು ತೋಡಿನ ಹರಿವು ತಗ್ಗಿದ ಮೇಲೆ ಕಟ್ಟ ಏಳುತ್ತದೆ. ಹಿಂದೆ ಕಲ್ಲಿನ ಸಾಲುಗಳ ನಡುವೆ ಆಯ್ದ ಮಣ್ಣನ್ನು ತುಂಬಿ, ಬಿರುಕಿಲ್ಲದಂತೆ ತುಳಿದು ಗಟ್ಟಿಗೊಳಿಸುತ್ತಿದ್ದರು. ಅಂಥ ಮಣ್ಣೂ ಆ ಕೆಲಸ ಬಲ್ಲ ಕೈಗಳೂ ವಿರಳವಾದಾಗ ಪ್ಲಾಸ್ಟಿಕ್ ಹಾಳೆ ತೋಡಿಗಿಳಿಯಿತು. ಹಾಳೆಯನ್ನು ಕಲ್ಲಿನ ಗೋಡೆಯ ಮೇಲ್ಹರಿವಿನ ಬದಿಗೆ ಹೊದಿಸಿ, ಬುಡದ ಅಂಚನ್ನು ಕಲ್ಲುಮಣ್ಣಿನಿಂದ ಅದುಮಿದರೆ ಸಾಕು. ಏರುವ ನೀರಿನ ಒತ್ತಡವೇ ಅದನ್ನು ಗೋಡೆಗೆ ಬಿಗಿಯಾಗಿ ಒತ್ತುತ್ತದೆ. ಭಾರ ಹೊರುವುದು ಕಲ್ಲು, ಸೋರಿಕೆ ತಡೆಯುವುದು ಹಾಳೆ.

ಕಾಲುವೆ, ಜಲಾಶಯಗಳಿಗೆ ಇಂಜಿನಿಯರುಗಳು ಹಾಸುವ ಜಿಯೋಮೆಂಬ್ರೇನಿನ ತತ್ತ್ವವೂ ಇದೇ. ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಬಟ್ಟೆ ಜಿಯೋಟೆಕ್ಸ್‌ಟೈಲ್. ಹೆದ್ದಾರಿಯ ಏರಿಯೊಳಗೆ ಮಣ್ಣಿಗೆ ಬಲ ಕೊಡುವ ಜಾಲರಿ ಜಿಯೋಗ್ರಿಡ್. ಕೇರಳದಲ್ಲಿ ತೋಡುಗಳ ದಂಡೆಗೆ ತೆಂಗಿನ ನಾರಿನ ಹಾಸನ್ನೂ ಬಳಸುತ್ತಾರೆ. ಅದು ಕೆಲವೇ ವರ್ಷಗಳಲ್ಲಿ ಮಣ್ಣಾಗುತ್ತದೆ. ಅಷ್ಟರಲ್ಲಿ ಹುಲ್ಲಿನ ಬೇರು ದಂಡೆಯನ್ನು ಹಿಡಿದಿರುತ್ತದೆ. ಪ್ಲಾಸ್ಟಿಕ್ ಹಾಗಲ್ಲ. ಬಿಸಿಲಿಗೆ ಬಿರುಸಾಗಿ ಚೂರಾದರೂ ಅದು ಮಣ್ಣಾಗದು. ಮಳೆಗೆ ಮುನ್ನ ಬಿಚ್ಚಿ, ತೊಳೆದು, ನೆರಳಿನಲ್ಲಿ ಮಡಚಿಡದಿದ್ದರೆ ಮೊದಲ ಪ್ರವಾಹವೇ ಅದನ್ನು ಕೆಳಗಿನವರ ತೋಟಕ್ಕೆ ಒಯ್ಯುತ್ತದೆ.

ಹರಿಯುವ ತೋಡಿನಲ್ಲಿ ಮೇಲಿನವನಿಗಿರುವಂತೆ ಕೆಳಗಿನವನಿಗೂ ಹಕ್ಕುಂಟು. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆ ಅದನ್ನು ಮನ್ನಿಸಿದೆ. ಆದರೆ ಕಟ್ಟಗಳ ಸರಣಿಯನ್ನು ನಡೆಸುವುದು ಕಾಯ್ದೆಯೊಂದೇ ಅಲ್ಲ. ಒಂದು ಕಟ್ಟ ತುಂಬಿ ಹೊರಚೆಲ್ಲಿದ ನೀರು ಮುಂದಿನದನ್ನು ತುಂಬಬೇಕು. ತೋಡಿನ ಎರಡೂ ದಡದವರು ಒಪ್ಪಬೇಕು. ಹಾಳೆ ಆಳುಗಳ ಸಂಖ್ಯೆಯನ್ನು ತಗ್ಗಿಸಿದೆ. ಒಪ್ಪಂದದ ಅಗತ್ಯವನ್ನು ತಗ್ಗಿಸಿಲ್ಲ. ಒಬ್ಬನೇ ಹಾಸಬಹುದಾದ ಹಾಳೆಯಿಂದ ನೆರೆಯವರು ಕೂಡುವ ರೂಢಿ ಅಳಿಯಿತೆಂದಾದರೆ, ಉಳಿದ ನೀರಿಗಿಂತ ಆ ನಷ್ಟವೇ ದೊಡ್ಡದು.