‘ಪ್ರೊಸೆಸರ್ ಹೋಗ್ಯಾದ’ ಅನ್ನುವ ಮೊದಲು

ಕಂಪ್ಯೂಟರ್ ರಿಪೇರಿ ಮಾಡುವವನು ಗಿರಾಕಿಗೆ ಹೇಳುವ ಮಾತುಗಳಲ್ಲಿ ‘ಪ್ರೊಸೆಸರ್ ಹೋಗ್ಯಾದ್ರಿ’ ಅನ್ನುವಷ್ಟು ಭಾರದ ಮಾತು ಇನ್ನೊಂದಿಲ್ಲ. ಕರೆಂಟು ಇಳಿಸಿ ಕೊಡುವ ಎಸ್‌ಎಂಪಿಎಸ್ ಸುಟ್ಟರೆ ವಾಸನೆ ಬರುತ್ತದೆ. ಕೆಪಾಸಿಟರ್ ಉಬ್ಬಿದ್ದರೆ ಬೆರಳಿಟ್ಟು ತೋರಿಸಬಹುದು. ಹಾರ್ಡ್‌ಡಿಸ್ಕ್ ಕೆಟ್ಟರೆ ಅದರ ಕಟಕಟ ಸದ್ದು ಗಿರಾಕಿಯ ಕಿವಿಗೇ ಬೀಳುತ್ತದೆ. ಪ್ರೊಸೆಸರ್‌ನಲ್ಲಿ ಹಾಗೆ ತೋರಿಸುವಂಥದ್ದು ಬಹಳ ಸಲ ಏನೂ ಇರುವುದಿಲ್ಲ. ಸತ್ತದ್ದು, ಬದುಕಿರುವುದು ಎರಡನ್ನೂ ಅಂಗೈ ಮೇಲಿಟ್ಟರೆ ಅದೇ ಬೆಳ್ಳಿ ಬಣ್ಣದ ಮುಚ್ಚಳ, ಅದರ ಮೇಲೆ ಅದೇ ಸಣ್ಣ ಅಕ್ಷರ. ನಾನು ಹೋಗಿದೆ ಅಂದರೆ ಹೋಯಿತು. ನನ್ನ ಅಂಗಡಿ ಇರುವ ಭಾತಂಬ್ರಾದಂಥ ಊರಿನಲ್ಲಿ ಇನ್ನೊಬ್ಬರಿಗೆ ತೋರಿಸಿ ಕೇಳೋಣ ಅಂದರೆ ಮಷಿನ್ ಹೊತ್ತು ಭಾಲ್ಕಿಗೋ ಬೀದರಿಗೋ ಬಸ್ ಹತ್ತಬೇಕು, ಆ ದಿನದ ಕೆಲಸ ಬಿಡಬೇಕು. ಹೀಗಾಗಿ ನನ್ನ ಮಾತೇ ಕಡೆಯ ಮಾತಾಗುತ್ತದೆ. ಇಷ್ಟು ದೊಡ್ಡ ನಂಬಿಕೆಯನ್ನು ನಾನು ಹೇಗೆ ಬಳಸುತ್ತಿದ್ದೇನೆ ಎಂದು ಈಚೆಗೆ ನನ್ನನ್ನೇ ಕೇಳಿಕೊಳ್ಳತೊಡಗಿದ್ದೇನೆ.

ಈ ಕೆಲಸ ಕಲಿಸಿದವರು ಬೀದರಿನ ಒಬ್ಬ ಉಸ್ತಾದ್. ‘ಪ್ರೊಸೆಸರ್ ಕಡೀಕ್ ನೋಡೋದದ ಬೇಟಾ, ಮದಲ ಗ್ವಾಡಿಯೊಳಗಿನ ಕರೆಂಟ್ ನೋಡು’ ಎನ್ನುತ್ತಿದ್ದರು. ಅವರ ಮಾತು ಎಷ್ಟು ನಿಜ ಎಂದು ದಿನವೂ ಕಾಣುತ್ತೇನೆ. ಕಂಪ್ಯೂಟರ್‌ನ ಎಲ್ಲ ಭಾಗಗಳಲ್ಲಿ ತಾನಾಗಿ ಸಾಯುವುದು ಅತಿ ಕಡಿಮೆ ಎಂದರೆ ಪ್ರೊಸೆಸರ್. ಅದರಲ್ಲಿ ತಿರುಗುವ ಭಾಗವಿಲ್ಲ, ಒಣಗುವ ದ್ರವವಿಲ್ಲ. ಹೊಸ ಚಿಪ್ ಮಾರುಕಟ್ಟೆಗೆ ಬರುವ ಮೊದಲು ಅದರ ಮಾದರಿಗಳನ್ನು 125 ಡಿಗ್ರಿ ಶಾಖದಲ್ಲಿ 1000 ಗಂಟೆ ಓಡಿಸಿ ನೋಡುವುದು ಈ ಉದ್ಯಮದ ರೂಢಿ. ಮೊದಲು ಹೋಗುವುದು ಎಸ್‌ಎಂಪಿಎಸ್, ಫ್ಯಾನ್, ಡಿಸ್ಕ್, ಮದರ್‌ಬೋರ್ಡಿನ ಕೆಪಾಸಿಟರ್. 2000ದ ದಶಕದ ಮೊದಲ ವರ್ಷಗಳಲ್ಲಿ ಕೆಟ್ಟ ದ್ರಾವಣ ತುಂಬಿದ ಕೆಪಾಸಿಟರ್‌ಗಳು ಜಗತ್ತಿನ ತುಂಬ ಉಬ್ಬಿ ಒಡೆದವು. ಆ ಕಾಲದ ಬೋರ್ಡುಗಳು ನಮ್ಮ ಕಡೆಯ ಶಾಲೆ, ಡಿಟಿಪಿ ಅಂಗಡಿಗಳಿಗೂ ಬಂದಿದ್ದವು. ಅಂಥ ಬೋರ್ಡು ಚಾಲೂ ಆಗದಿದ್ದಾಗ ‘ಪ್ರೊಸೆಸರ್ ಖಲಾಸ್’ ಎಂಬ ಮಾತು ಹುಟ್ಟಿದ್ದು ಎಷ್ಟೋ ಸಲ. ಚಿಪ್ ಮಾತ್ರ ಚೆನ್ನಾಗಿಯೇ ಇರುತ್ತಿತ್ತು.

ಹಾಗಂತ ಅದು ಸಾಯುವುದೇ ಇಲ್ಲ ಎಂದಲ್ಲ. ಅದನ್ನು ಕೊಲ್ಲುವುದು ಬಹುಮಟ್ಟಿಗೆ ಅಕ್ಕಪಕ್ಕದವರು, ಅದರಲ್ಲೂ ಕರೆಂಟು. ಗೋಡೆಯ ಬೋರ್ಡಿನಲ್ಲಿ 230 ವೋಲ್ಟ್ ಇರುತ್ತದೆ. ಎಸ್‌ಎಂಪಿಎಸ್ ಅದನ್ನು 12 ವೋಲ್ಟ್‌ಗೆ ಇಳಿಸುತ್ತದೆ. ಪ್ರೊಸೆಸರ್‌ಗೆ ಬೇಕಾದದ್ದು ಒಂದು, ಒಂದೂಕಾಲು ವೋಲ್ಟ್ ಮಾತ್ರ. ಆ ಕೊನೆಯ ಇಳಿಕೆ ನಡೆಯುವುದು ಪ್ರೊಸೆಸರ್ ಪಕ್ಕದಲ್ಲೇ ಸಾಲಾಗಿ ಕೂತ ಮಾಸ್ಫೆಟ್, ಕಾಯಿಲ್, ಕೆಪಾಸಿಟರ್‌ಗಳಲ್ಲಿ. ವೋಲ್ಟ್ ಇಳಿದಷ್ಟೂ ಆಂಪಿಯರ್ ಏರಬೇಕು. 65 ವ್ಯಾಟ್‌ನ ಸಾಧಾರಣ ಪ್ರೊಸೆಸರ್ ಒಂದೂಕಾಲು ವೋಲ್ಟ್‌ನಲ್ಲಿ 52 ಆಂಪಿಯರ್ ಎಳೆಯುತ್ತದೆ. ಹೊಲದಲ್ಲಿ ಬೋರ್‌ವೆಲ್‌ನಿಂದ ನೀರೆತ್ತುವ 5 ಎಚ್‌ಪಿ ಮೋಟಾರ್ ಒಂದೊಂದು ಫೇಸ್‌ನಲ್ಲಿ ಎಳೆಯುವುದು ಏಳೆಂಟು ಆಂಪಿಯರ್. ಆ 52 ಆಂಪಿಯರ್ ಉಗುರಿನಷ್ಟಗಲದ ಸಿಲಿಕಾನ್ ಒಳಗೆ ಓಡಾಡುತ್ತದೆ ಅಂದರೆ ರೈತರು ನನ್ನ ಮುಖ ನೋಡುತ್ತಾರೆ. ಪ್ರೊಸೆಸರ್ ಪಕ್ಕದ ಆ ಸಾಲಿನಲ್ಲಿ 12 ವೋಲ್ಟ್ ಕಡೆಯ ಒಂದು ಮಾಸ್ಫೆಟ್ ಶಾರ್ಟ್ ಆಯಿತೋ, 12 ವೋಲ್ಟ್ ನೇರವಾಗಿ ಚಿಪ್ ಒಳಗೆ ನುಗ್ಗುತ್ತದೆ. ಆಮೇಲೆ ಉಳಿಸಲು ಏನೂ ಇರುವುದಿಲ್ಲ.

ನಮ್ಮ ಕಡೆ ಇದಕ್ಕೆ ದಾರಿ ಮಾಡಿಕೊಡುವ ಎರಡು ಸಂಗತಿಗಳಿವೆ. ಒಂದು, ನ್ಯೂಟ್ರಲ್ ಕಡಿಯುವುದು. ಮುಂಗಾರಿಗೆ ಮೊದಲು ಬೀಸುವ ಬಿರುಗಾಳಿಗೆ ಟ್ರಾನ್ಸ್‌ಫಾರ್ಮರ್‌ನಿಂದ ಬರುವ ನ್ಯೂಟ್ರಲ್ ತಂತಿ ಹರಿದರೆ ಮೂರು ಫೇಸ್‌ಗಳ ಲೋಡ್ ತಾಳ ತಪ್ಪುತ್ತದೆ. ಯಾರದೋ ಮನೆಯಲ್ಲಿ ಬಲ್ಬು ಮಂಕಾಗುತ್ತದೆ, ಇನ್ನೊಬ್ಬರ ಮನೆಯಲ್ಲಿ 230 ಇದ್ದದ್ದು 400ರ ಹತ್ತಿರ ಹೋಗುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ತಾನು ಸುಟ್ಟುಕೊಂಡು ಒಳಗಿನದನ್ನು ಉಳಿಸುತ್ತದೆ. ಅಗ್ಗದ್ದರಲ್ಲಿ ಆ ಕಾವಲಿಗೆ ಹಾಕಬೇಕಾದ ಬಿಡಿಭಾಗವನ್ನೇ ಬಿಟ್ಟಿರುತ್ತಾರೆ. ಬೋರ್ಡಿನ ಮೇಲೆ ಅದರ ಜಾಗ ಖಾಲಿ ಇರುವುದನ್ನು ಬಿಚ್ಚಿದಾಗಲೆಲ್ಲ ನೋಡಿದ್ದೇನೆ.

ಎರಡನೆಯದು ಅರ್ಥಿಂಗ್. ಬೀದರ್ ಪಟ್ಟಣ ನಿಂತಿರುವುದು ಜಂಬಿಟ್ಟಿಗೆಯ ಮೇಲೆ. ಭಾಲ್ಕಿ, ಔರಾದ್ ಕಡೆಗೆ ಎರೆಮಣ್ಣು ಹೆಚ್ಚು. ಮಳೆಗಾಲದಲ್ಲಿ ಎರೆ ತೇವ ಹಿಡಿದಿರುವಾಗ ಅರ್ಥಿಂಗ್ ಚೆನ್ನಾಗಿ ಸಿಗುತ್ತದೆ. ಏಪ್ರಿಲ್, ಮೇದಲ್ಲಿ ಅದೇ ನೆಲ ಬಿರಿಯುತ್ತದೆ, ರಾಡಿನ ಸುತ್ತ ಸಂದು ಬೀಳುತ್ತದೆ, ಅರ್ಥಿಂಗ್ ಹೆಸರಿಗೆ ಮಾತ್ರ ಉಳಿಯುತ್ತದೆ. ಕ್ಯಾಬಿನೆಟ್‌ನ ಬಣ್ಣ ಹೋದ ಜಾಗಕ್ಕೆ ಬೆರಳಿಟ್ಟರೆ ಜುಮ್ಮೆನ್ನುತ್ತದಲ್ಲ, ಅದು ಇದರ ಗುರುತು. ಇದ್ದಿಲು, ಉಪ್ಪು ಹಾಕಿದ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನೀರು ಸುರಿಯಿರಿ ಎಂದು ಪ್ರತಿಯೊಬ್ಬರಿಗೂ ಹೇಳುತ್ತೇನೆ. ‘ಕಂಪ್ಯೂಟರ್ ಕೆಟ್ಟರ ನೆಲಕ್ಕ ನೀರ್ ಯಾಕ ಹಾಕ್ಬೇಕು?’ ಎಂದು ಕೇಳುತ್ತಾರೆ. ಕೇಳುವವರಿಗೆ ನಿಂತು ವಿವರಿಸುವುದು ನನಗೆ ಇಷ್ಟದ ಕೆಲಸ.

ಶಾಖದ ವಿಷಯದಲ್ಲಿ ಜನ ತಿಳಿದದ್ದು ಅರ್ಧ ಸರಿ. 2001ರಲ್ಲಿ ಚಿಪ್‌ಗಳ ಮೇಲಿನ ಹೀಟ್‌ಸಿಂಕನ್ನು ಓಡುತ್ತಿರುವಾಗಲೇ ಕಿತ್ತು ತೋರಿಸಿದ ಒಂದು ಪರೀಕ್ಷೆ ಪ್ರಸಿದ್ಧವಾಯಿತು. ಎಎಂಡಿಯ ಆಗಿನ ಅಥ್ಲಾನ್ ಕ್ಷಣದಲ್ಲಿ ಹೊಗೆಯಾಯಿತು, ಇಂಟೆಲ್‌ನ ಪೆಂಟಿಯಂ 4 ನಿಧಾನವಾಗಿ ಓಡಿ ಉಳಿದುಕೊಂಡಿತು. ಈಗಿನ ಚಿಪ್‌ಗಳು ತಮ್ಮ ಶಾಖವನ್ನು ತಾವೇ ಅಳೆದುಕೊಳ್ಳುತ್ತವೆ. 100 ಡಿಗ್ರಿಯ ಆಸುಪಾಸಿನಲ್ಲಿ ವೇಗ ಇಳಿಸುತ್ತವೆ, ಮೀರಿದರೆ ಬಂದಾಗುತ್ತವೆ. ಹೀಗಾಗಿ ‘ತಾನೇ ಬಂದ್ ಆಗ್ತಾದ’ ಎಂದು ತರುವ ಮಷಿನ್ ಬಹಳ ಸಲ ತನ್ನ ಪ್ರೊಸೆಸರನ್ನು ಕಾಪಾಡಿಕೊಂಡೇ ಬಂದಿರುತ್ತದೆ. ಸೋಯಾ ರಾಶಿ ಮುಗಿದ ಮೇಲೆ ಬರುವ ಮಷಿನ್‌ಗಳನ್ನು ಬಿಚ್ಚಬೇಕು. ಫ್ಯಾನಿನ ನಾಲ್ಕು ಲಾಕ್ ತಿರುಗಿಸಿ ಎತ್ತಿದರೆ ಕೆಳಗೆ ಅಲ್ಯುಮಿನಿಯಂ ಹಲ್ಲುಗಳು ಕಾಣುವುದೇ ಇಲ್ಲ. ಹೊಟ್ಟಿನ ಎಳೆ, ಕೂದಲು, ಕೆಮ್ಮಣ್ಣು ಸೇರಿ ಹಳೆ ಕೌದಿಯ ಚೂರಿನಂತೆ ಒಂದೇ ಪದರವಾಗಿ ಎದ್ದುಬರುತ್ತದೆ. ಅದರಡಿಯ ಪೇಸ್ಟ್ ಒಣಗಿ ಬಿಳಿ ಚಕ್ಕೆಯಾಗಿರುತ್ತದೆ. ಉಗುರಿನಲ್ಲಿ ಕೆರೆದರೆ ಪುಡಿಯಾಗಿ ಉದುರುತ್ತದೆ. ಬ್ಲೋವರ್ ಹಿಡಿದು, ಸ್ಪಿರಿಟ್‌ನಿಂದ ಒರೆಸಿ, ಕಡಲೆಕಾಳಿನಷ್ಟು ಹೊಸ ಪೇಸ್ಟ್ ಇಟ್ಟರೆ ಮುಗಿಯಿತು.

ಆದರೆ ಶಾಖ ನಿಧಾನವಾಗಿ ಕೊಲ್ಲುವುದೂ ಇದೆ. ಫ್ಯಾನ್ ಎಷ್ಟೇ ತಿರುಗಿದರೂ ಕೋಣೆಯ ಗಾಳಿಗಿಂತ ತಂಪು ಕೊಡಲಾರದು. ಚಿಪ್ ಕೋಣೆಗಿಂತ 45 ಡಿಗ್ರಿ ಹೆಚ್ಚು ಬಿಸಿ ಇರುತ್ತದೆ ಅಂದುಕೊಳ್ಳಿ. 25 ಡಿಗ್ರಿಯ ಕೋಣೆಯಲ್ಲಿ ಅದು 70. ಪತ್ರಾಸಿನ ಕೆಳಗೆ 42 ಇದ್ದ ಮಧ್ಯಾಹ್ನ 87. ಓಡುವ ಎಲೆಕ್ಟ್ರಾನುಗಳು ಒಳಗಿನ ಲೋಹದ ಗೆರೆಗಳ ಪರಮಾಣುಗಳನ್ನು ತಳ್ಳಿಕೊಂಡು ಹೋಗುತ್ತವೆ. ಒಂದು ಕಡೆ ಗೆರೆ ಸವೆದು ಕಡಿಯುತ್ತದೆ, ಇನ್ನೊಂದು ಕಡೆ ಗುಡ್ಡೆಯಾಗಿ ಪಕ್ಕದ ಗೆರೆ ಮುಟ್ಟುತ್ತದೆ. ಪ್ರವಾಹ, ಶಾಖ ಏರಿದಂತೆ ಈ ಸವೆತ ಎಷ್ಟು ಬೇಗ ಹೆಚ್ಚುತ್ತದೆ ಎಂದು ಜೇಮ್ಸ್ ಬ್ಲ್ಯಾಕ್ 1969ರಲ್ಲೇ ಸೂತ್ರ ಕೊಟ್ಟಿದ್ದರು. 1997ರಲ್ಲಿ ಐಬಿಎಂ ಅಲ್ಯುಮಿನಿಯಂ ಬದಲು ತಾಮ್ರದ ಗೆರೆಗಳನ್ನು ತಂದಾಗ ಸಿಕ್ಕ ಲಾಭಗಳಲ್ಲಿ ಈ ಸವೆತಕ್ಕೆ ತಡೆಯೂ ಒಂದು. ಇನ್ನು ಮನುಷ್ಯರ ಕೈ: ಹಳೆಯ ಚಿಪ್‌ಗಳ ಬಾಗಿದ ಪಿನ್ನು, ಡಿಸೆಂಬರ್‌ನ ಒಣ ಚಳಿಯಲ್ಲಿ ಉಲ್ಲನ್ ಶಾಲು ಹೊದ್ದು ಬೋರ್ಡ್ ಮುಟ್ಟುವುದು. ಬೆರಳಿಗೆ ಚುರ್ ಅನ್ನಿಸಲು ಸುಮಾರು 3000 ವೋಲ್ಟ್ ಬೇಕು. ಬಿಡಿ ಚಿಪ್‌ಗಳು ನಮಗೆ ಗೊತ್ತೇ ಆಗದ ಕಿಡಿಗೂ ಕೆಡಬಲ್ಲವು.

ಇಷ್ಟೆಲ್ಲ ತಿಳಿದು ‘ಪ್ರೊಸೆಸರ್ ಸುಮ್ಮನೆ ಸಾಯೋದಿಲ್ಲ’ ಎಂಬುದು ನನ್ನ ನೇಮವಾಗಿತ್ತು. ಅದರ ಬಗ್ಗೆ ಒಂದು ಹೆಮ್ಮೆಯೂ ಇತ್ತು. 2024ರಲ್ಲಿ ಆ ನೇಮ ಅಲುಗಿತು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಹಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ತಾವೇ ಹೆಚ್ಚು ವೋಲ್ಟೇಜ್ ಕೇಳಿ ಪಡೆದು ಒಳಗೊಳಗೇ ಹಾಳಾಗುತ್ತಿದ್ದವು. ಕಂಪನಿ ಆಗಸ್ಟ್‌ನಲ್ಲಿ ಮೈಕ್ರೋಕೋಡ್ ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆಗಿಹೋದ ಹಾನಿಗೆ ಮಾತ್ರ ಮದ್ದಿರಲಿಲ್ಲ. ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ವಿವರ ಬೇರೆ. ಅಂಥ ಮಷಿನ್‌ಗಳಲ್ಲಿ ಆಟ ಶುರು ಮಾಡಿದರೆ ವಿಡಿಯೋ ಮೆಮೊರಿ ಸಾಲದು ಎಂಬ ಸಂದೇಶ ಬರುತ್ತಿತ್ತು. ಕೆಟ್ಟದ್ದು ಪ್ರೊಸೆಸರ್, ದೂರು ಗ್ರಾಫಿಕ್ಸ್ ಕಾರ್ಡಿನ ಮೇಲೆ. ನನ್ನ ಮೇಜಿಗೆ ಬಂದಿದ್ದರೆ ನಾನು ತೆಗೆದಿಡುತ್ತಿದ್ದದ್ದು ಕಾರ್ಡನ್ನೇ.

ಅದಕ್ಕೂ ಹಿಂದೆ, 2021ರಲ್ಲಿ ಫೇಸ್‌ಬುಕ್ ಎಂಜಿನಿಯರುಗಳು ಪ್ರಕಟಿಸಿದ ಒಂದು ಪ್ರಸಂಗವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಅವರ ಒಂದು ಸರ್ವರ್‌ನಲ್ಲಿ ಕೆಲವು ಫೈಲುಗಳು ಕಾಣೆಯಾಗುತ್ತಿದ್ದವು. ಹುಡುಕುತ್ತ ಹೋದರೆ ಸಿಕ್ಕಿದ್ದು ಪ್ರೊಸೆಸರ್‌ನ ಒಂದೇ ಒಂದು ಕೋರ್. 1.1ರ 53ನೇ ಘಾತವನ್ನು ಲೆಕ್ಕಹಾಕಿ ಪೂರ್ಣಾಂಕ ಕೊಡು ಅಂದರೆ 156 ಬರಬೇಕು; ಅದು 0 ಕೊಡುತ್ತಿತ್ತು. ಬೇರೆ ಘಾತಗಳನ್ನು ಕೇಳಿದರೆ ಉತ್ತರ ಸರಿ ಬರುತ್ತಿದ್ದದ್ದೂ ಉಂಟು. ಫೈಲಿನ ಅಳತೆಯ ಲೆಕ್ಕದಲ್ಲೂ ಹೀಗೆಯೇ ಸೊನ್ನೆ ಬಂದದ್ದರಿಂದ ಮುಂದಿನ ಪ್ರೋಗ್ರಾಂ ಅದನ್ನು ಖಾಲಿ ಎಂದು ಬಿಟ್ಟುಬಿಡುತ್ತಿತ್ತು. ಹೊಗೆಯಿಲ್ಲ, ಹ್ಯಾಂಗ್ ಇಲ್ಲ, ಎರರ್ ಇಲ್ಲ. ಅದೇ ವರ್ಷ ಗೂಗಲ್‌ನವರೂ ಹೇಳಿದರು: ಹಲವು ಸಾವಿರ ಮಷಿನ್‌ಗಳಲ್ಲಿ ಇಂಥ ಕೆಲವು ಕೋರ್‌ಗಳು ಇದ್ದೇ ಇರುತ್ತವೆ.

ಎಲ್ಲ ಕಡೆ ಸರಿ ಇದ್ದು ಒಂದೇ ಕಡೆ ತಪ್ಪುವ ಆ ಕೋರ್ ನನ್ನನ್ನು ನನ್ನ ಕಡೆಗೇ ತಿರುಗಿಸಿತು. ನಾನು ಎಲ್ಲಿ ತಪ್ಪುತ್ತೇನೆ? ಸುಳ್ಳು ಹೇಳಿ ಯಾರಿಗೂ ಹೊಸ ಪ್ರೊಸೆಸರ್ ಕಟ್ಟಿದವನಲ್ಲ. ಆದರೂ ನನ್ನ ಪರೀಕ್ಷೆ ಎಲ್ಲರಿಗೂ ಒಂದೇ ಅಲ್ಲ ಎಂಬುದು ಗಮನಿಸುತ್ತ ಹೋದಂತೆ ಸ್ಪಷ್ಟವಾಯಿತು. ಎಂಜಿನಿಯರಿಂಗ್ ಓದುವ ಹುಡುಗ ಮೇಜಿನ ಪಕ್ಕ ನಿಂತು ‘12 ವೋಲ್ಟ್ ಲೈನ್ ನೋಡಿದ್ರೇನ್ರಿ ಅಣ್ಣಾ?’ ಅಂದರೆ ಮಲ್ಟಿಮೀಟರ್ ತೆಗೆಯುತ್ತೇನೆ, ರ‍್ಯಾಮ್ ಒಂದೊಂದಾಗಿ ಬದಲಿಸುತ್ತೇನೆ, ಸಾಕೆಟ್‌ನ ಪಿನ್ನುಗಳನ್ನು ಭೂತಗನ್ನಡಿಯಲ್ಲಿ ನೋಡುತ್ತೇನೆ. ಮೊಮ್ಮಗಳ ಮಷಿನ್ ಅನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಬಂದ ಹಿರಿಯರು ಸ್ಟೂಲಿನ ಮೇಲೆ ಕೂತು ‘ನಿನಗ ತಿಳಿದಂಗ ಮಾಡಪ ತಮ್ಮಾ’ ಅಂದಾಗ ನನ್ನ ಕೈ ಅವಸರ ಮಾಡುತ್ತದೆ. ರ‍್ಯಾಮ್ ಒರೆಸಿ, ಎಸ್‌ಎಂಪಿಎಸ್ ಬದಲಿಸಿ ನೋಡಿ, ಆಗಲಿಲ್ಲವೆಂದರೆ ‘ಬೋರ್ಡ್ ಇಲ್ಲಾ ಪ್ರೊಸೆಸರ್ ಹೋಗಿರಬೇಕು ಕಾಕಾ’ ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿರುತ್ತದೆ. ಎಲ್ಲರಿಗಿಂತ ಹೆಚ್ಚು ನಂಬಿದವರಿಗೆ ಎಲ್ಲರಿಗಿಂತ ಕಡಿಮೆ ಪರೀಕ್ಷೆ.

ಯಾಕೆ ಹೀಗೆ? ಜೂನ್‌ನ ಗದ್ದಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಡ್ಮಿಷನ್, ಜಾತಿ-ಆದಾಯ ಪ್ರಮಾಣಪತ್ರ, ಬೆಳೆವಿಮೆ ಎಲ್ಲ ಒಟ್ಟಿಗೆ ಬರುವ ಕಾಲ ಅದು. ಪಹಣಿಯನ್ನು ಭೂಮಿ ಯೋಜನೆ ಕಂಪ್ಯೂಟರಿಗೆ ಏರಿಸಿ ಎರಡು ದಶಕ ದಾಟಿದೆ. ಈಗ ಕಾಗದ ಬೇಕಾದವರೆಲ್ಲ ಯಾವುದಾದರೊಂದು ಮಷಿನ್ ಮುಂದೆ ನಿಲ್ಲಲೇಬೇಕು. ಡಿಟಿಪಿ ಅಂಗಡಿಯವನ ಮಷಿನ್ ಒಂದು ದಿನ ನಿಂತರೆ ಊರಿನ ಸಾಲು ನಿಲ್ಲುತ್ತದೆ. ಆದರೆ ಜನವರಿಯಲ್ಲಿ, ಅಂಗಡಿಯಲ್ಲಿ ನೊಣ ಹಾರುವಷ್ಟು ಖಾಲಿ ಇದ್ದಾಗಲೂ ನಾನು ಹಾಗೆಯೇ ಮಾಡುತ್ತೇನೆ. ದುಡ್ಡಿನ ಮಾತೂ ಇದೆ. ಹಳೆಯದನ್ನು ಉಳಿಸಿದರೆ ಸಿಗುವುದು ಕೈಕೂಲಿ, ಹೊಸದು ಹಾಕಿಕೊಟ್ಟರೆ ಮೇಲೆ ಒಂದಿಷ್ಟು. ಅವಸರ, ದುಡ್ಡು ಎರಡೂ ಒಂದೇ ಕಡೆ ವಾಲುತ್ತವೆ ಎಂಬುದು ನನಗೆ ಗೊತ್ತು. ಆದರೆ ಎಲ್ಲಕ್ಕಿಂತ ಒಳಗಿನ ಕಾರಣ ಇನ್ನೊಂದು. ನನ್ನ ಶಿಸ್ತಿಗೆ ಒಬ್ಬ ನೋಡುವವನು ಬೇಕು. ಹುಡುಗ ಪಕ್ಕದಲ್ಲಿ ನಿಂತಾಗ ನಾನು ಒಳ್ಳೆಯ ಮೆಕ್ಯಾನಿಕ್ ಆಗುವುದು ಅವನ ಕಣ್ಣಿನಲ್ಲಿ. ಹಿರಿಯರ ಮುಂದೆ ಏನು ಮಾಡಿದರೂ ಅವರಿಗೆ ತಿಳಿಯದು, ಹಾಗಾಗಿ ಕೈಗೆ ಹುರುಪೇ ಬರುವುದಿಲ್ಲ. ಇಷ್ಟು ವರ್ಷ ಪ್ರಾಮಾಣಿಕತೆ ಎಂದು ನಾನು ಕರೆದುಕೊಂಡದ್ದರಲ್ಲಿ ಎಷ್ಟು ಪಾಲು ಮೆಚ್ಚುಗೆಯ ಆಸೆ ಎಂದು ಬಿಡಿಸಿ ಹೇಳಲು ನನಗೆ ಆಗುತ್ತಿಲ್ಲ. ಅದು ನೋವು ಕೊಡುತ್ತದೆ. ಹಿರಿಯರ ಆ ಮಾತಿನಲ್ಲಿದ್ದ ವಿಶ್ವಾಸಕ್ಕೆ ನಾನು ಕೊಡಬೇಕಾದದ್ದು ಭೂತಗನ್ನಡಿಯೇ ಆಗಿತ್ತು.

ನನ್ನ ಸ್ವಭಾವ ಬದಲಾಗಲಿ ಎಂದು ಕಾಯುವುದರಲ್ಲಿ ನನಗೆ ಭರವಸೆ ಇಲ್ಲ, ಅದಕ್ಕೆ ಕೆಲಸದ ಕ್ರಮ ಬದಲಿಸಿದ್ದೇನೆ. ಸಾಮಾನ್ಯವಾಗಿ ಬರುವ ಸಾಕೆಟ್‌ಗಳಿಗೆ ಒಂದೊಂದು ಒಳ್ಳೆಯ ಬೋರ್ಡು, ಒಂದೊಂದು ಒಳ್ಳೆಯ ಪ್ರೊಸೆಸರ್ ಪರೀಕ್ಷೆಗೆಂದೇ ತೆಗೆದಿಟ್ಟಿದ್ದೇನೆ, ಅವು ಮಾರಾಟಕ್ಕಿಲ್ಲ. ಮೊದಲು ಗಿರಾಕಿಯ ಬೋರ್ಡಿನಲ್ಲಿ ಪ್ರೊಸೆಸರ್‌ಗೆ ಬರುವ ವೋಲ್ಟ್ ಅಳೆಯಬೇಕು. ಅದು ಸರಿಯಿದ್ದರೆ ಮಾತ್ರ ನನ್ನ ಪ್ರೊಸೆಸರ್ ಅದರಲ್ಲಿ ಕೂರಬೇಕು, ಇಲ್ಲದಿದ್ದರೆ ಕೆಟ್ಟ ಬೋರ್ಡು ಇನ್ನೊಂದು ಚಿಪ್ಪನ್ನೂ ತಿನ್ನುತ್ತದೆ. ಆಮೇಲೆ ಅವರ ಪ್ರೊಸೆಸರ್ ನನ್ನ ಬೋರ್ಡಿನಲ್ಲಿ. ಎರಡೂ ಅವರ ಕಣ್ಣೆದುರೇ. ‘ಇಲ್ಲಿ ಬರ್ರಿ ಕಾಕಾ’ ಎಂದು ಕರೆದರೆ ‘ನಾ ನೋಡಿ ಏನ್ ಮಾಡ್ಲಿ ತಮ್ಮಾ’ ಅನ್ನುತ್ತಾರೆ. ಆದರೂ ಎದ್ದು ಬರುತ್ತಾರೆ, ಕನ್ನಡಕ ಹಾಕಿಕೊಳ್ಳುತ್ತಾರೆ, ಒಂದೆರಡು ಪ್ರಶ್ನೆ ತಾವಾಗಿಯೇ ಕೇಳುತ್ತಾರೆ. ಹೊತ್ತು ಹಿಡಿಯುತ್ತದೆ. ಜೂನ್‌ನಲ್ಲಿ ಸಂಜೆ ಆರರ ನಂತರ ಹೊಸ ಮಷಿನ್ ತೆಗೆದುಕೊಳ್ಳುವುದಿಲ್ಲ ಎಂದು ಬಾಗಿಲಿಗೆ ಬರೆದು ಹಾಕುತ್ತೇನೆ, ಒಂದಷ್ಟು ಗಿರಾಕಿ ಭಾಲ್ಕಿಗೆ ಹೋಗುತ್ತಾರೆ, ಹೋಗಲಿ. ಪ್ರೊಸೆಸರ್ ನಿಜಕ್ಕೂ ಹೋಗಿದೆ ಎನ್ನಬೇಕಾದಾಗ ಚಿಪ್ಪನ್ನು ಒಂದು ಚೀಟಿಯ ಜೊತೆ ವಾಪಸ್ ಕೊಡುತ್ತೇನೆ: ಯಾವ ಬೋರ್ಡಿನಲ್ಲಿ ಹಾಕಿದೆ, ಎಷ್ಟು ವೋಲ್ಟ್ ಸಿಕ್ಕಿತು, ಏನೇನು ಬದಲಿಸಿ ನೋಡಿದೆ. ಬೀದರಿಗೆ ಒಯ್ದು ಇನ್ನೊಬ್ಬರಿಗೆ ತೋರಿಸಿದರೆ ಅವರು ಆ ಚೀಟಿ ಓದಿ ನನ್ನ ಲೆಕ್ಕ ಎಲ್ಲಿ ತಪ್ಪಿದೆ ಎಂದು ಹೇಳುವಂತಿರಬೇಕು.