ಅಯೋವಾದ ಲಾರಿ ಬೀಡು

ಚಿಕಾಗೋ ನಗರದಿಂದ ಪಡುವಣ ದಿಕ್ಕಿಗೆ ಹೊರಟು ಮಿಸಿಸಿಪ್ಪಿ ಮಹಾನದಿಯನ್ನು ದಾಟಿದರೆ ಅಯೋವಾ ಸಂಸ್ಥಾನವು ಮೊದಲಾಗುವುದು. 2024ನೆಯ ಇಸವಿ ಅಕ್ಟೋಬರ್ ತಿಂಗಳಲ್ಲಿ ಬಂಧುಗಳೊಬ್ಬರ ಕಾರಿನಲ್ಲಿ ನಾವು ಈ ದಾರಿಯನ್ನು ಹಿಡಿದೆವು. ಇಕ್ಕೆಲದಲ್ಲಿಯೂ ಕಣ್ಣು ಹರಿಯುವವರೆಗೆ ಮೆಕ್ಕೆಜೋಳದ ಹೊಲ. ಒಣಗಿ ನಿಂತ ದಂಟನ್ನು ಮನೆಯಷ್ಟೆತ್ತರದ ಯಂತ್ರಗಳು ನುಂಗುತ್ತ ಸಾಗಿದ್ದುವು. ಮನುಷ್ಯನೆಂಬವನು ಹೊಲದಲ್ಲಿ ಕಾಣಲಿಲ್ಲ. ಮನುಷ್ಯರೆಲ್ಲರೂ ರಸ್ತೆಯ ಮೇಲಿದ್ದರು.

ನದಿ ದಾಟುವಲ್ಲಿ ನಮ್ಮ ಬಂಧುಗಳು ಒಂದು ಹಳೆಯ ವ್ಯಾಜ್ಯದ ಕಥೆಯನ್ನು ಹೇಳಿದರು. ಮಿಸಿಸಿಪ್ಪಿಗೆ ಮೊದಲ ರೈಲು ಸೇತುವೆಯಾದದ್ದು ಇಲ್ಲಿಯೇ, ಸ್ವಲ್ಪ ಕೆಳಗೆ, ಡೇವನ್‌ಪೋರ್ಟ್ ಊರಿನ ಬಳಿ, 1856ರಲ್ಲಿ. ಸೇತುವೆಯಾಗಿ ತಿಂಗಳು ತುಂಬುವುದರೊಳಗೆ ಹಬೆ ಹಡಗೊಂದು ಅದಕ್ಕೆ ಬಡಿದು ಸುಟ್ಟುಹೋಯಿತು. ಹಡಗಿನವರು ದಾವಾ ಹೂಡಿದರು. ರೈಲಿನವರ ಪರವಾಗಿ ವಾದಿಸಿದ ವಕೀಲರಲ್ಲೊಬ್ಬರು, ಮುಂದೆ ಆ ದೇಶದ ಅಧ್ಯಕ್ಷರಾದ ಅಬ್ರಹಾಂ ಲಿಂಕನ್ನರು. ಸರಕು ಸಾಗಿಸುವವರ ಜಗಳ ಆ ದೇಶಕ್ಕೆ ಹೊಸದಲ್ಲ.

ಸೇತುವೆಯಿಂದ ಅರ್ಧ ಘಂಟೆಯ ಹಾದಿಯಲ್ಲಿ ವಾಲ್ಕಾಟ್ ಎಂಬ ಪುಟ್ಟ ಊರು. ಅದರ ಮಗ್ಗುಲಲ್ಲಿ, ಎಂಬತ್ತನೆಯ ನಂಬರಿನ ಹೆದ್ದಾರಿಯ ಅಂಚಿನಲ್ಲಿ, 1964ರಿಂದ ಲಾರಿಯವರ ಬೀಡೊಂದುಂಟು. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡದಿಲ್ಲವೆಂದು ಅವರೇ ಬೋರ್ಡು ಬರೆಸಿರುವರು. ಸುಮಾರು 900 ಲಾರಿಗಳು ಒಮ್ಮೆಗೇ ತಂಗಬಹುದಾದ ಬಯಲನ್ನು ಕಂಡ ಮೇಲೆ ಆ ಮಾತನ್ನು ಅಲ್ಲಗಳೆಯಲು ನಮಗೆ ಧೈರ್ಯವಾಗಲಿಲ್ಲ. ಊಟದ ಮನೆ, ಸ್ನಾನದ ಕೋಣೆಗಳು, ಕ್ಷೌರಿಕ, ಹಲ್ಲಿನ ವೈದ್ಯ, ಬಟ್ಟೆ ಒಗೆಯುವ ಯಂತ್ರ, ಹಳೆಯ ಲಾರಿಗಳ ವಸ್ತುಸಂಗ್ರಹಾಲಯ ಎಲ್ಲವೂ ಒಂದೇ ಆವರಣದಲ್ಲಿ. ನಮ್ಮ ಹಿರಿಯರು ಯಾತ್ರೆಯಲ್ಲಿ ಹುಡುಕುತ್ತಿದ್ದ ಛತ್ರ, ಕೊಳ, ಅಂಗಡಿಬೀದಿ ಮೂರೂ ಕೂಡಿದಂತೆ.

ಲಾರಿಯೆಂದರೆ ನಾವು ಕಂಡ ಲಾರಿಗಳಲ್ಲ. ಹಿಂದಿನ ಪೆಟ್ಟಿಗೆಯೊಂದೇ 53 ಅಡಿ ಉದ್ದ. ಸರಕು ಸಹಿತ 80,000 ಪೌಂಡು, ಎಂದರೆ ಸುಮಾರು 36 ಟನ್ನು ತೂಗಬಹುದು. ಮುಂದಿನ ಗೂಡಿನಲ್ಲಿ ಹಾಸಿಗೆ, ಕಪಾಟು, ಕಾಫಿ ಕಾಯಿಸುವ ಒಲೆ. ಚಾಲಕನು ದಿನಕ್ಕೆ 11 ಘಂಟೆಗಿಂತ ಹೆಚ್ಚು ನಡೆಸಕೂಡದು. 2017ರ ಡಿಸೆಂಬರಿನಿಂದ ಇದರ ಲೆಕ್ಕವನ್ನು ಗಾಡಿಯಲ್ಲಿಯೇ ಕೂಡಿಸಿದ ಯಂತ್ರವು ಇಡುತ್ತದೆ. ಕುದುರೆ ದಣಿಯಿತೆಂದು ಸವಾರನು ಹೇಳುತ್ತಿದ್ದ ಕಾಲ ಹೋಗಿ, ಸವಾರನು ದಣಿದನೆಂದು ಕುದುರೆಯೇ ಹೇಳುವ ಕಾಲ ಬಂದಿತು.

ಊಟದ ಮನೆಯಲ್ಲಿ ಜಾಗವಿಲ್ಲದೆ ನಾವು ಒಂದು ದಂಪತಿಗಳ ಮೇಜಿನಲ್ಲಿ ಕುಳಿತೆವು. ಯಜಮಾನರಿಗೆ ಐವತ್ತೈದರ ವಯಸ್ಸು, ಓಹಾಯೋ ಕಡೆಯವರು. ಆಕೆ ಕಾಗದಗಳ ಕಟ್ಟನ್ನು ಹರಡಿಕೊಂಡು ಲೆಕ್ಕ ಹಾಕುತ್ತಿದ್ದರು. ಲಾರಿ ಅವರ ಸ್ವಂತದ್ದು. ಸರಕಾರದಿಂದ ಸರಕು ಸಾಗಿಸುವ ಅಧಿಕಾರಪತ್ರವನ್ನು ಪಡೆದು, ತಮ್ಮ ಮನೆತನದ ಹೆಸರನ್ನು ಬಾಗಿಲ ಮೇಲೆ ಬರೆಸಿ, ತಾವೇ ಒಂದು ಕಂಪನಿಯಾಗಿದ್ದರು. ಈಗ ದೊಡ್ಡ ಸಾಗಣೆ ಕಂಪನಿಯೊಂದು, ‘ನಿಮ್ಮ ಲಾರಿಯನ್ನು ನಮಗೆ ಕರಾರಿನ ಮೇಲೆ ಕೊಡಿರಿ, ನೀವೇ ನಡೆಸಿರಿ, ಬಾಡಿಗೆಯಲ್ಲಿ ನೂರಕ್ಕೆ 72 ನಿಮ್ಮದು’ ಎಂದು ಕರೆದಿತ್ತು. ಗುರುವಾರದೊಳಗೆ ಉತ್ತರವಾಗಬೇಕು.

ಈ ಕರಾರಿನ ಹುರುಳನ್ನು ವಾಚಕರಿಗೆ ಹೀಗೆ ತಿಳಿಸಬಹುದು. ಲಾರಿಯ ಸಾಲದ ಕಂತು, ಡೀಸೆಲು, ಟೈರು, ರಿಪೇರಿ ಎಲ್ಲವೂ ಒಡೆಯನ ಪಾಲಿಗೇ ಉಳಿಯುವುವು. ಕಂಪನಿಯವರು ಸರಕನ್ನು ಒದಗಿಸುವರು, ದೊಡ್ಡ ವಿಮೆಯನ್ನು ಹೊರುವರು, ಈ ಕರಾರಿನಲ್ಲಿ ಹಿಂದಿನ ಪೆಟ್ಟಿಗೆಯನ್ನೂ ಕೊಡುವರು. ಕರಾರು ಇರುವ ತನಕ ಗಾಡಿಯ ಮೇಲಿನ ಹತೋಟಿ ಕಾನೂನಿನಂತೆ ಅವರದು. ಬಾಗಿಲ ಮೇಲೆ ಅವರ ಹೆಸರೇ ಇರಬೇಕು. ನಮ್ಮ ಕಡೆಯ ವಾರಗುತ್ತಿಗೆಯನ್ನು ತಿರುವಿ ಹಾಕಿದಂತೆ ಇದು: ಹೊಲ ಉಳುವವನದೇ, ರಾಶಿ ಅಳೆಯುವ ಕೊಳಗ ಮಾತ್ರ ಇನ್ನೊಬ್ಬರ ಕೈಯಲ್ಲಿ.

1935ರ ಕಾಯಿದೆಯು ಲಾರಿ ಸಾಗಣೆಯನ್ನು ಸರಕಾರದ ಬಿಗಿಯಲ್ಲಿಟ್ಟಿತ್ತು. ಯಾವ ದಾರಿಯಲ್ಲಿ ಯಾವ ದರಕ್ಕೆ ಹೋಗಬೇಕೆಂಬುದಕ್ಕೂ ಅಪ್ಪಣೆ ಬೇಕಾಗಿತ್ತು. 1980ರಲ್ಲಿ ಆ ಬಿಗಿ ಸಡಿಲವಾಯಿತು. ಒಂದೇ ಲಾರಿಯುಳ್ಳವನಿಗೂ ಸ್ವಂತ ಅಧಿಕಾರಪತ್ರ ಕೈಗೆಟುಕಿತು. 2021ರಲ್ಲಿ ಬಾಡಿಗೆಗಳು ಏರಿದಾಗ ಸಾವಿರಾರು ಮಂದಿ ಕಂಪನಿಗಳನ್ನು ಬಿಟ್ಟು ಬೇರೆ ಒಲೆ ಹೂಡಿದರು. ನಮ್ಮ ದಂಪತಿಗಳೂ ಅವರಲ್ಲಿ ಸೇರಿದವರು. 2022ರ ವಸಂತದಿಂದ ಬಾಡಿಗೆ ಇಳಿಯತೊಡಗಿತು. ವಿಮೆಯು ಮಾತ್ರ ಇಳಿಯಲಿಲ್ಲ.

ಆಕೆ ತಮ್ಮ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ನಮ್ಮ ಮನೆಯವರಿಗೆ ತೋರಿಸಿದರು. ಮನೆ ನಡೆಸುವ ಹೆಂಗಸರಿಬ್ಬರು ಕಲೆತರೆ ದೇಶ ಭಾಷೆಗಳು ಅಡ್ಡ ಬರುವುದಿಲ್ಲವೆಂಬುದನ್ನು ನಾವು ಅಂದು ಕಂಡೆವು. ವಾರಕ್ಕೆ 2,500 ಮೈಲಿ ಓಡಿದರೆ ಈಗ ಬರುವ ಬಾಡಿಗೆ 5,000 ಡಾಲರು. ಕಂಪನಿಗೆ ಸೇರಿದರೆ ಉಳಿಯುವುದು ವಿಮೆಯಲ್ಲಿ 300. ದಲ್ಲಾಳಿಯ ಹಣ ಬರುವುದು ತಡವೆಂದು ಬಿಲ್ಲನ್ನು ಮಾರಿಕೊಂಡು ತೆರುವ ವಟ್ಟದಲ್ಲಿ 150. ಪೆಟ್ಟಿಗೆಯ ಕಂತಿನಲ್ಲಿ 150. ಕಂಪನಿಯ ಡೀಸೆಲ್ ರಿಯಾಯಿತಿಯಲ್ಲಿ 100. ಒಟ್ಟು 700. ಎಂದರೆ ಇಂದು ಇವುಗಳನ್ನು ಕಳೆದು ಕೈಯಲ್ಲಿ ನಿಲ್ಲುವುದು 4,300.

“ನೂರಕ್ಕೆ 72ರಲ್ಲಿ ಇಷ್ಟೇ ಹಣ ಬರಬೇಕಾದರೆ, ಅವರ ಸರಕಿನ ಬಾಡಿಗೆ ಅದೇ ದೂರಕ್ಕೆ 6,000 ಆಗಬೇಕು. ಆಗುವುದೆಂದು ಅವರು ಬಾಯಲ್ಲಿ ಹೇಳುತ್ತಾರೆ. ನಾನು ಕಾಗದದಲ್ಲಿ ಕೇಳುತ್ತೇನೆ” ಎಂದರು ಆಕೆ.

ಕೇಳುವ ಹಕ್ಕು ಅವರಿಗೆ ಉಂಟು. ಪಾಲಿನ ಲೆಕ್ಕದಲ್ಲಿ ದುಡಿಯುವ ಒಡೆಯನಿಗೆ ಪ್ರತಿ ಸರಕಿನ ಬಿಲ್ಲಿನ ನಕಲನ್ನು ಕೊಡಬೇಕೆಂದು ಆ ದೇಶದ ನಿಯಮ. ಕಾಗದಗಳನ್ನು ಒಪ್ಪಿಸಿದ 15 ದಿನಗಳೊಳಗೆ ಹಣ ಸಲ್ಲಬೇಕು. ಹಿಡಿದಿಟ್ಟ ಠೇವಣಿಯನ್ನು ಕರಾರು ಮುಗಿದ 45 ದಿನಗಳೊಳಗೆ ಹಿಂತಿರುಗಿಸಬೇಕು. ಕಂಪನಿಯಿಂದಲೇ ಸಾಮಾನು ಕೊಳ್ಳಬೇಕೆಂದು ಕಟ್ಟು ಹಾಕಕೂಡದು. ನಿಯಮಗಳು ಚೆನ್ನಾಗಿವೆ. ಓದದೆ ಸಹಿ ಹಾಕುವವರಿಗೆ ಅವು ಇದ್ದೂ ಇಲ್ಲದಂತೆ.

ಯಜಮಾನರು ಅಷ್ಟು ಹೊತ್ತೂ ಮಾತನಾಡಿರಲಿಲ್ಲ. ಕೊನೆಗೆ, “ಇಂಥ ಸರಕು ಬೇಡ, ಇಂಥ ಊರಿಗೆ ಹೋಗುವುದಿಲ್ಲ ಎಂದು ಮೂರು ವರ್ಷ ಹೇಳಿದ್ದೇನೆ. ಇನ್ನು ಮೇಲೆ ಇಪ್ಪತ್ತೈದರ ಹುಡುಗನೊಬ್ಬ ಟೆಲಿಫೋನಿನಲ್ಲಿ ನನಗೆ ಹೇಳುತ್ತಾನೆ” ಎಂದರು. ಬೇರೆ ಮನೆ ಮಾಡಿದವನು ಮತ್ತೆ ಕೂಡುಮನೆಗೆ ಮರಳುವಾಗ ಹೊಸಿಲಲ್ಲಿ ಕಾಲು ತಡೆಯುವುದು ಹೀಗೆಯೇ ಅಲ್ಲವೆ?

ಪಕ್ಕದ ಮೇಜಿನಲ್ಲಿ ಸಿಖ್ ಸರದಾರರೊಬ್ಬರು ಕುಳಿತಿದ್ದರು. ಕ್ಯಾಲಿಫೋರ್ನಿಯಾದಲ್ಲಿ ನೆಲಸಿದ ಪಂಜಾಬಿಗಳು ಈ ಕಸುಬಿನಲ್ಲಿ ಬಹಳ ಮಂದಿ; ಹೆದ್ದಾರಿಗಳಲ್ಲಿ ಅಲ್ಲಲ್ಲಿ ಅವರ ಢಾಬಾಗಳೂ ಇವೆ. ನಮ್ಮನ್ನು ಕಂಡು “ಭಾಯಿ ಸಾಹೇಬ್” ಎಂದು ಕುರ್ಚಿಯನ್ನು ಎಳೆದುಕೊಂಡು ಬಂದರು. ಇವರು ಮೂರು ವರ್ಷ ಕಂಪನಿಯೊಂದಕ್ಕೆ ಗಾಡಿಯನ್ನು ಕೊಟ್ಟು, ಬಿಟ್ಟು ಬರುವಾಗ ಠೇವಣಿಗಾಗಿ ಅಲೆದವರು. ಆದರೂ ಸೇರಬೇಡಿರೆಂದು ಹೇಳಲಿಲ್ಲ. “ಬಾಗಿಲ ಮೇಲೆ ಯಾರ ಹೆಸರಾದರೇನು? ಗಾಡಿಯ ಪತ್ರ ಯಾರ ಹೆಸರಿನಲ್ಲಿದೆಯೋ ಅದನ್ನು ನೋಡಿ. ಪತ್ರ ನಮ್ಮದಾದರೆ ನಾಳೆ ಎದ್ದು ಬರಬಹುದು” ಎಂದರು.

ಈ ಮಾತಿನ ತೂಕ ನಮಗೆ ಆಮೇಲೆ ತಿಳಿಯಿತು. ಗಾಡಿಯಿಲ್ಲದ ಚಾಲಕನಿಗೆ ಕಂಪನಿಯೇ ತನ್ನ ಗಾಡಿಯನ್ನು ಕಂತಿನ ಮೇಲೆ ಕೊಟ್ಟು, ದುಡಿಮೆಯಲ್ಲಿ ಮುರಿದುಕೊಳ್ಳುವ ಮತ್ತೊಂದು ಪದ್ಧತಿಯುಂಟು. ಬಿಟ್ಟು ಹೋದರೆ ಕಟ್ಟಿದ ಕಂತೂ ಹೋಯಿತು, ಗಾಡಿಯೂ ಹೋಯಿತು. ಇಂಥವನ್ನು ನಿಷೇಧಿಸಬೇಕೆಂದು ಸರಕಾರವು ನೇಮಿಸಿದ ಸಮಿತಿಯೇ 2025ರ ಜನವರಿಯಲ್ಲಿ ಸಲಹೆ ಮಾಡಿತು. ದೊಡ್ಡ ಕಂಪನಿಯೆಂದರೆ ಹೆಬ್ಬಂಡೆಯೆಂದು ಭಾವಿಸುವುದೂ ತಪ್ಪು: ನೂರು ವರ್ಷಕ್ಕೆ ಸಮೀಪಿಸಿದ್ದ ಯೆಲ್ಲೋ ಎಂಬ ಸಂಸ್ಥೆಯು 2023ರಲ್ಲಿ ಮುಚ್ಚಿದಾಗ ಸುಮಾರು 30,000 ಮಂದಿ ಕೆಲಸ ಕಳೆದುಕೊಂಡರು.

ಊಟವಾದ ಮೇಲೆ ಆಕೆ ಕಂಪನಿಗೆ ಟೆಲಿಫೋನು ಮಾಡಿ, ಇಂಥದೇ ಕರಾರಿನಲ್ಲಿರುವ ಗಾಡಿಯೊಂದರ ಮೂರು ತಿಂಗಳ ಲೆಕ್ಕವನ್ನು, ಬೇಕಾದರೆ ಹೆಸರನ್ನು ಅಳಿಸಿ, ತೋರಿಸಬೇಕೆಂದು ಕೇಳಿದರು. ವಿಚಾರಿಸಿ ಹೇಳುವೆವೆಂದು ಉತ್ತರ ಬಂದಿತು. ಅವರು ಒಮಾಹಾದ ಕಡೆಗೆ ಹೊರಟರು. ನಾವು ವಸ್ತುಸಂಗ್ರಹಾಲಯವನ್ನು ನೋಡಿಕೊಂಡು, ಕತ್ತಲಾಗುವ ಮೊದಲು ನದಿಯನ್ನು ದಾಟಿದೆವು.

ಎರಡು ವಾರಗಳ ಮೇಲೆ ನಮ್ಮ ಮನೆಯವರಿಗೆ ಆಕೆಯ ಪತ್ರ ಬಂದಿತು. ಕಂಪನಿಯವರು ಲೆಕ್ಕವನ್ನು ತೋರಿಸಿದರಂತೆ. ವಾರದ ಸರಾಸರಿ ಬಾಡಿಗೆ 6,000 ಇರಲಿಲ್ಲ, 5,800 ಇತ್ತು. ಅವರ ಪಾಲು 4,176 ಆಯಿತು; ವಾರಕ್ಕೆ 124 ಡಾಲರು ನಷ್ಟ. ಆದರೂ ಡಿಸೆಂಬರಿನಲ್ಲಿ ವಿಮೆ ಮತ್ತೆ ಏರುವುದಿತ್ತು, ಎರಡು ದಲ್ಲಾಳಿಗಳ ಬಾಕಿ ಇನ್ನೂ ಬಂದಿರಲಿಲ್ಲ. ಒಂದು ವರ್ಷದ ಮಟ್ಟಿಗೆ ಸಹಿ ಹಾಕಿದರು. ಬಾಗಿಲ ಮೇಲಿನ ಅಕ್ಷರಗಳನ್ನು ಬಿಸಿಗಾಳಿ ಹಿಡಿದು ತಾವೇ ಬಿಡಿಸಿದರೆಂದೂ, ಆ ಹೊತ್ತಿಗೆ ಯಜಮಾನರು ಏನೋ ಕೆಲಸವಿದೆಯೆಂದು ಮನೆಯೊಳಗೆ ಹೋಗಿದ್ದರೆಂದೂ ಆಕೆ ಬರೆದಿದ್ದರು.